ಗಾಳಿಯ ಐದು ಫೌಲು

ನನ್ನ ಮೈದುನನನ್ನು ಎಲ್ಲರೂ ಕರೆಯುವುದು ಗಾಳಿ ಎಂದು. ಮೀಸೆ ಚಿಗುರುವ ಕಾಲದಲ್ಲಿ ಬಿದ್ದ ಹೆಸರು. ಈಗ ನಲವತ್ತು ದಾಟಿದ್ದಾನೆ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳುತ್ತಾನೆ. ಹೆಸರಿಗೇನಂತೆ, ಅದಕ್ಕೆ ಮಂಡಿನೋವು ಬರುತ್ತದೆಯೇ!

ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವನು ಪಾಯಿಂಟ್ ಗಾರ್ಡ್. ಚೆಂಡನ್ನು ತಂದು, ಯಾರಿಗೆ ಯಾವಾಗ ಕೊಡಬೇಕೆಂದು ನೋಡಿ ಕೊಡುವವನು. ಮನೆಯಲ್ಲಿ ಬಡಿಸುವವಳಿರುತ್ತಾಳಲ್ಲ, ಹಾಗೆ. ಕಣ್ಣೆಲ್ಲ ಬೇರೆಯವರ ತಟ್ಟೆಯ ಮೇಲೆ. ಆಟಗಾರರ ಕೋಟಾದಲ್ಲೇ ನೀರು ಸರಬರಾಜು ಕಚೇರಿಯ ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಪೈಪು, ನಲ್ಲಿ, ವಾಷರು ಎಣಿಸಿ ಕೊಡುವುದು, ಸಂಜೆ ಕಚೇರಿಯ ತಂಡಕ್ಕೆ ಆಡುವುದು. ಆ ಕಾಲದಲ್ಲಿ ಊರಿನ ಗೋಡೆ ಗೋಡೆಗೂ ಅವನ ಪೋಸ್ಟರು. ಮದುವೆ ಮಾಡ್ಕೊಳ್ಳೋ ಎಂದಾಗೆಲ್ಲ "ಈ ಸೀಸನ್ ಮುಗೀಲಿ ಅತ್ತಿಗೆ" ಎನ್ನುತ್ತಿದ್ದ. ಸೀಸನ್ನುಗಳು ಮುಗಿದವು, ಹೆಣ್ಣು ಕೊಡುವವರೂ ಮುಗಿದರು. ಕೊನೆಗೆ ಕಚೇರಿಯವರು ತಂಡವನ್ನೇ ಮುಚ್ಚಿದರು. ಆಮೇಲೆ ಅವನು ಸಂಜೆಯಾದರೆ ನಮ್ಮ ಹಿಂದಿನ ಕೋಣೆಯಲ್ಲಿ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂರುತ್ತಿದ್ದ. ನಿಜ ಹೇಳಲೇ? ನೆಮ್ಮದಿಯಾಗಿಯೇ ಇದ್ದ.

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ನನ್ನ ಗಂಡನ ತಂಡದಿಂದ. ನಮ್ಮವರು ಒಂದು ಕ್ಲಬ್ಬಿನ ಕೋಚ್. ಈ ಸಲ ಕಪ್ ಅವರದ್ದೇ ಎಂದು ಎಲ್ಲರೂ ಮಾತಾಡಿಕೊಳ್ಳುವಾಗ, ಫೈನಲ್ ಹತ್ತಿರವಿರುವಾಗ, ಅವರ ಪಾಯಿಂಟ್ ಗಾರ್ಡ್ ಹುಡುಗ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡ. ಅವನ ಬದಲಿಗೆ ಇದ್ದವನು ಇನ್ನೂ ಹಸಿ ಹಸಿ. ಇವರು ತಲೆ ಮೇಲೆ ಕೈ ಹೊತ್ತು ಕೂತರು.

ಅತ್ತೆ ಊಟದ ಹೊತ್ತಿಗೆ ಶುರುಮಾಡಿದರು. "ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀತೀಯಲ್ಲೋ. ಒಳಗೆ ಕೂತಿದಾನಲ್ಲ ನಿನ್ನ ತಮ್ಮ!"

"ಅಮ್ಮಾ, ಅವನಿಗೆ ವಯಸ್ಸಾಯ್ತು."

"ನನಗಾಗಿಲ್ವಾ? ನಾನು ನಿಮ್ಮನ್ನೆಲ್ಲ ನೋಡ್ಕೊಳ್ತಿಲ್ವಾ?"

ನೋಡಿಕೊಳ್ಳುತ್ತಿದ್ದವಳು ನಾನು. ಇರಲಿ ಬಿಡಿ. ಹೆತ್ತವರಿಗೆ ಹೆಗ್ಗಣ ಮುದ್ದು. ಇವನಂತೂ ಹೆಗ್ಗಣವಲ್ಲ, ನಿಜವಾದ ಆಟಗಾರ. ಅಮ್ಮ ಅತ್ತರು, ಅಣ್ಣ ಸೋತ, ತಮ್ಮ "ಅಮ್ಮನಿಗೋಸ್ಕರ" ಎಂದು ಹಳೆಯ ಬೂಟು ಹುಡುಕಿದ. ಮರುದಿನವೇ ಕ್ಲಬ್ಬಿನ ಮ್ಯಾನೇಜರು ಗಾಳಿಯ ಮುಖ ಹಾಕಿ ಪೋಸ್ಟರು ಅಚ್ಚು ಹಾಕಿಸಿದ. ಟಿಕೆಟ್ಟು ಬಿಸಿ ಬಿಸಿಯಾಗಿ ಹೋದವಂತೆ.

ನಾನು ಹೊಲಿಗೆಯವಳು. ತಂಡದ ಬನಿಯನ್ನುಗಳು ನನ್ನ ಮಿಷನ್ನಿನ ಕೆಳಗೇ ಹಾಯುತ್ತವೆ. ಗಾಳಿಯ ಬನಿಯನ್ನನ್ನು ಹೊಟ್ಟೆಯ ಹತ್ತಿರ ಸ್ವಲ್ಪ ಸಡಿಲ ಮಾಡಿ, ಕೊಡಲೆಂದು ಅಭ್ಯಾಸದ ಅಂಗಳಕ್ಕೆ ಹೋದೆ. ಒಳಗೆ ಕಾಲಿಟ್ಟಾಗ ಏನೋ ಸರಿಯಿಲ್ಲ ಅನ್ನಿಸಿತು. ಆ ಹುಡುಗರು ಆಡುವುದೇ ಬಾಯಲ್ಲಿ. "ಕೊಡೋ ಇಲ್ಲಿ! ಎಡಕ್ಕೆ ಬಾರೋ! ಕಣ್ಣು ಕಾಣಲ್ವೇನೋ!" ಎಂದು ಮೀನಿನ ಮಾರ್ಕೆಟ್ಟಿನ ಹಾಗೆ ಕೂಗಾಡುತ್ತಾರೆ. ಅವತ್ತು ಉಸಿರಿಲ್ಲ! ಗಾಳಿ ಚೆಂಡು ಕುಟ್ಟುವ ಶಬ್ದ ಒಂದೇ. ಖಾಲಿ ಜಾಗದಲ್ಲಿ ನಿಂತವನೂ ಕೂಗಲಿಲ್ಲ. ಸರ್ ತಾವಾಗಿ ನೋಡಲಿ ಎಂದು ವಿನಯವಾಗಿ ಕಾದ. ಎದುರಿಗೆ ನಿಂತವನು ಚೆಂಡು ಕಿತ್ತುಕೊಳ್ಳಬಹುದಿತ್ತು, ದಾರಿ ಬಿಟ್ಟ. ಅವನ ಹಳೆಯ ಪೋಸ್ಟರು ನೋಡಿ ಬೆಳೆದ ಮಕ್ಕಳು, ಅಷ್ಟು ದೊಡ್ಡವರ ಮೈಗೆ ಮೈ ತಾಗಿಸುವುದು ಹೇಗೆ?

ಗಾಳಿಗೂ ಗೊತ್ತಾಗಿತ್ತು. ಚೆಂಡು ನಿಲ್ಲಿಸಿ ರೇಗಿದ. "ಬೈಯ್ರೋ ನನ್ನ! ಬೇಕಾದ್ರೆ ಗಂಟಲು ಹರಿಯೋ ಹಾಗೆ ಕೂಗ್ರೋ!"

ಕಂಬ ಎಂದು ಕರೆಸಿಕೊಳ್ಳುವ ಉದ್ದದ ಹುಡುಗನೊಬ್ಬ ಧೈರ್ಯ ಮಾಡಿದ. "ಕೊಡೋ ಗಾಳಿ!" ಎಂದ. ಕೂಡಲೇ ನಾಲಗೆ ಕಚ್ಚಿಕೊಂಡು "ತಪ್ಪಾಯ್ತು ಸರ್" ಎಂದು ಕಿವಿ ಹಿಡಿದುಕೊಂಡ. ಅಷ್ಟರಲ್ಲಿ ಚೆಂಡು ಬಂದು ಅವನ ಎದೆಗೇ ಬಡಿಯಿತು. ಎಲ್ಲರೂ ನಕ್ಕರು. ಗಾಳಿ ಮಾತ್ರ ನಗಲಿಲ್ಲ.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನೇ ಅಣ್ಣನಿಗೆ ಹೇಳಿದ. "ನನ್ನ ಬಿಟ್ಬಿಡು ಅಣ್ಣ. ನಾನಿದ್ರೆ ಅವ್ರು ಆಡಲ್ಲ."

"ಗೊತ್ತು ಕಣೋ. ಅಮ್ಮನಿಗೆ ನೀನೇ ಹೇಳು."

"ನೀನು ಕೋಚು, ನೀನು ಹೇಳು."

ಇಬ್ಬರೂ ನನ್ನ ಮುಖ ನೋಡಿದರು. ಆಹಾ, ಬೆಕ್ಕಿಗೆ ಗಂಟೆ ಕಟ್ಟೋಕೆ ಸೊಸೆಯೇ ಬೇಕು! ಆದರೂ ಹೋದೆ. ಅತ್ತೆ ಅಕ್ಕಪಕ್ಕದ ಮನೆಯವರನ್ನೆಲ್ಲ ಕೂರಿಸಿಕೊಂಡು, ಫೈನಲ್‌ಗೆಂದು ಮಾಡಿಸಿದ ಹೊಸ ಕನ್ನಡಕ ಹಾಕಿ ತೋರಿಸುತ್ತಿದ್ದರು. "ನನ್ನ ಮಗ ಕಣ್ತುಂಬ ಕಾಣ್ಬೇಕಲ್ಲ" ಎನ್ನುತ್ತಿದ್ದರು. ನಾನು ಹೋದ ದಾರಿಯಲ್ಲೇ ವಾಪಸ್ಸು ಬಂದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಮೂವರೂ ಸುಮ್ಮನೆ ಮಲಗಿದೆವು.

ಫೈನಲ್ ದಿನ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ನಾನು. "ಗಾಳಿ! ಗಾಳಿ!" ಎಂಬ ಕೂಗಿಗೆ ಕಿವಿ ತೂತಾಯಿತು. ಆಟ ಶುರುವಾಯಿತು. ಎದುರು ತಂಡದ ಪುಟ್ಟ ಗಾರ್ಡಿಗೆ ನಮ್ಮವರ ವಿನಯ ಎಲ್ಲಿಂದ ಬರಬೇಕು? ಬಂದವನೇ ಚೆಂಡು ಕಿತ್ತುಕೊಂಡು ಓಡಿದ. ಮತ್ತೆ ಬಂದ, ಮತ್ತೆ ಕಿತ್ತುಕೊಂಡ. ತಡೆಯಲು ಹೋದ ಗಾಳಿ ತಡವಾಗಿ ತಲುಪಿ ಡಿಕ್ಕಿ ಹೊಡೆದ. ಫೌಲು. ಇನ್ನೊಮ್ಮೆ ಹಾಗೆಯೇ, ಇನ್ನೊಂದು ಫೌಲು. ನಮ್ಮ ಹುಡುಗರು ಬಾಯಿಗೆ ಬೀಗ ಹಾಕಿಕೊಂಡು ಅವನ ಕೈಯನ್ನೇ ನೋಡುತ್ತಿದ್ದರು. ಅಂಕದಲ್ಲಿ ಹಿಂದೆ ಬೀಳುತ್ತಾ ಹೋದೆವು.

ಗಾಳಿ ಅಣ್ಣನ ಕಡೆ ನೋಡಿ ಎರಡು ಕೈಯನ್ನೂ ಸುತ್ತಿಸಿದ. ನನ್ನನ್ನು ತೆಗಿ, ಬೇರೆಯವನನ್ನು ಹಾಕು ಎಂದು. ನಮ್ಮವರು ಎದ್ದರು. ಜನರನ್ನು ನೋಡಿದರು, ಮ್ಯಾನೇಜರನ್ನು ನೋಡಿದರು, ಕೊನೆಗೆ ಅಮ್ಮನನ್ನು ನೋಡಿದರು. ಅತ್ತೆ ಕೈ ಎತ್ತಿ ಬೀಸಿದರು. ಇವರು ನೀರಿನ ಬಾಟಲಿ ಹುಡುಕುವವರ ಹಾಗೆ ಬೆನ್ನು ತಿರುಗಿಸಿದರು. ಮೂವತ್ತು ವರ್ಷ ಬಾಳಿದ ಗಂಡ, ಅವತ್ತಿನಷ್ಟು ಸಿಟ್ಟು ನನಗೆ ಅವರ ಮೇಲೆ ಎಂದೂ ಬಂದಿಲ್ಲ.

ಗಾಳಿ ಒಂದು ಗಳಿಗೆ ಸೊಂಟಕ್ಕೆ ಕೈಯಿಟ್ಟು ನಿಂತ. ಆಮೇಲೆ ಮೆಲ್ಲಗೆ ನಡೆದುಹೋಗಿ ಪುಟ್ಟ ಗಾರ್ಡಿನ ಬನಿಯನ್ನು ಹಿಡಿದುಕೊಂಡ. ಹಿಡಿದುಕೊಂಡದ್ದು, ಅಷ್ಟೇ, ಸಂತೆಯಲ್ಲಿ ಮಗುವನ್ನು ಹಿಡಿದ ಹಾಗೆ. ರೆಫರಿ ಸೀಟಿ ಊದಿದ. ಆಟ ಮತ್ತೆ ಶುರುವಾಯಿತು, ಮತ್ತೆ ಹಿಡಿದುಕೊಂಡ. ನನಗೆ ಆಗ ಹೊಳೆಯಿತು. ಐದು ಫೌಲಾದರೆ ಆಟಗಾರ ಹೊರಗೆ. ಆಮೇಲೆ ಅಮ್ಮನಾಗಲಿ ಅಣ್ಣನಾಗಲಿ ಮ್ಯಾನೇಜರಾಗಲಿ ಅವನನ್ನು ಒಳಗೆ ಕಳಿಸುವ ಹಾಗಿಲ್ಲ. ಅಯ್ಯೋ ದೇವರೇ, ಒಬ್ಬ ಮನುಷ್ಯ ಹೊರಗೆ ಹೋಗಲು ಇಷ್ಟು ಪಾಡು ಪಡಬೇಕೇ ಎಂದು ಅಳು ಬಂತು. ಐದನೆಯದಕ್ಕೆ ಸೀಟಿ ಊದುವ ಮೊದಲೇ ಅವನು ಕೈ ಎತ್ತಿದ್ದ.

ಜನ ರೆಫರಿಗೆ ಧಿಕ್ಕಾರ ಕೂಗಿದರು. ಅತ್ತೆ ಎದ್ದು ನಿಂತು "ನಿನ್ನ ಕಣ್ಣು ಹಿಂಗಿಹೋಗ!" ಎಂದು ಶಪಿಸಿದರು. ಹಸಿ ಹುಡುಗ ಒಳಗೆ ಹೋದ. ಹೋಗುತ್ತಿದ್ದ ಹಾಗೆಯೇ ಕಂಬ "ಕೊಡೋ ಕತ್ತೇ!" ಎಂದು ಅರಚಿದ. ಮೀನಿನ ಮಾರ್ಕೆಟ್ಟು ತೆರೆಯಿತು. ತಿಣುಕಾಡಿ ತಿಣುಕಾಡಿ, ಕೊನೆಗೆ ಒಂದೇ ಒಂದು ಬುಟ್ಟಿಯಲ್ಲಿ ಗೆದ್ದೆವು.

ಗೆದ್ದದ್ದೇ ತಪ್ಪಾಯಿತು. ಮರುದಿನ ಬೆಳಿಗ್ಗೆ ಮ್ಯಾನೇಜರು ಮನೆಗೇ ಬಂದ. ಕುರ್ಚಿ ಎಳೆದುಕೊಂಡು ಕೂತು, "ಅನುಭವ ಅಂದ್ರೆ ಅನುಭವ ಸರ್. ನೀವು ಅಡಿಪಾಯ ಹಾಕಿದ್ರಿ, ಹುಡುಗ್ರು ಗೋಡೆ ಎಬ್ಬಿಸಿದ್ರು. ಮುಂದಿನ ವರ್ಷ ಪೂರ್ತಿ ನೀವೇ ಆಡ್ಬೇಕು" ಎಂದ.

"ಆಡ್ತಾನೆ" ಎಂದರು ಅತ್ತೆ. "ಆ ಕುರುಡು ರೆಫ್ರಿನ ಮಾತ್ರ ಕರೆಸ್ಬೇಡಪ್ಪ."

ನಮ್ಮವರು ನೆಲ ನೋಡಿದರು. ನಾನು ಇನ್ನು ತಡೆಯಲಾರದೆ ಬಾಯಿ ತೆರೆದೆ. ಗಾಳಿ ಅತ್ತೆಯ ಬೆನ್ನ ಹಿಂದೆ ನಿಂತು, ಬೇಡ ಅತ್ತಿಗೆ ಎನ್ನುವ ಹಾಗೆ ಕೈಮುಗಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

ಅತ್ತೆ ಹಿಂದಕ್ಕೆ ತಿರುಗಿ, ಹೊಸ ಕನ್ನಡಕ ಸರಿಮಾಡಿಕೊಂಡು ಅವನ ಮುಖ ನೋಡಿದರು. "ನೋಡಿ, ಸಂತೋಷಕ್ಕೆ ಮಾತೇ ಹೊರಡ್ತಿಲ್ಲ ನನ್ನ ಮಗನಿಗೆ" ಎಂದರು.