ಹಾಲು ಉಕ್ಕಿಸಿದ ಕೈ

ಬ್ಯಾಂಕು ನಮಗೆ ಮನೆ ಸಾಲ ಕೊಡಲಿಲ್ಲ ಎಂದರೆ ಜನ ಮೊದಲು ಸಂಬಳ ಕೇಳುತ್ತಾರೆ, ಆಮೇಲೆ ವೀಸಾ, ಆಮೇಲೆ ಕ್ರೆಡಿಟ್ ಸ್ಕೋರು. ಅವೆಲ್ಲ ಸರಿಯಾಗಿಯೇ ಇದ್ದವು. ಸರಿಯಿಲ್ಲದ್ದು ಮನೆಯ ವಾರಂಟಿ. ಮಿಕ್ಸಿಗೆ, ಫ್ರಿಜ್ಜಿಗೆ ಇರುವ ಹಾಗೆ ಮನೆಗೂ ವಾರಂಟಿ ಇರುತ್ತದೆ ಎಂದು ನನಗೆ ಗೊತ್ತಾದದ್ದೇ ಹ್ಯೂಸ್ಟನ್ನಿನ ಆಚೆ ಸೈಪ್ರೆಸ್‌ನಲ್ಲಿ ಹೊಸ ಮನೆ ಕೊಳ್ಳಲು ಹೊರಟಾಗ. ಅಡಿಪಾಯವೋ ಭಾರ ಹೊರುವ ಗೋಡೆಯೋ ಹತ್ತು ವರ್ಷದೊಳಗೆ ಬಿರುಕು ಬಿಟ್ಟರೆ ರಿಪೇರಿ ಮಾಡಿಸಿಕೊಡುತ್ತೇವೆ ಎಂದು ಬಿಲ್ಡರ್ ಪರವಾಗಿ ಒಂದು ವಾರಂಟಿ ಕಂಪನಿ ಮಾತು ಕೊಡುತ್ತದೆ. ಆ ಕಂಪನಿ ಯಾವುದು, ಎಂಥದು ಎಂದು ನಾವು ಕೇಳಲಿಲ್ಲ. ನಾವು ಕೇಳಿದ್ದು ಬಾಗಿಲು ಯಾವ ದಿಕ್ಕಿಗಿದೆ ಎಂದು.

ಬಾಗಿಲು ಪೂರ್ವಕ್ಕಿತ್ತು. ಅವ್ವ ಧಾರವಾಡದಿಂದ ಬಂದಿದ್ದಳು. ಕೆಲಸ ಇನ್ನೂ ನಡೆಯುತ್ತಿದ್ದ ಮನೆಯ ಹಿತ್ತಲಲ್ಲಿ ನಿಂತು, ಬಿಸಿಲಿಗೆ ಬಾಯಿಬಿಟ್ಟ ಕಪ್ಪು ನೆಲ ನೋಡಿ, "ನಮ್ಮ ಎರಿ ಹೊಲ ಇದ್ದಂಗ ಅದಲ್ಲ ಇದು!" ಎಂದು ನಕ್ಕಿದ್ದಳು. ಅಷ್ಟು ದೂರ ಬಂದೂ ಪರಿಚಯದ ಮಣ್ಣು ಸಿಕ್ಕಿತೆಂದು ಅವಳಿಗೆ ಖುಷಿ.

ಕ್ಲೋಸಿಂಗ್, ಅಂದರೆ ಸಾಲದ ಹಣ ಸಂದಾಯವಾಗಿ ಮನೆ ನಮ್ಮ ಹೆಸರಿಗೆ ಆಗುವ ದಿನ, ಜ್ಯೇಷ್ಠದಲ್ಲೇ ಆಗಬೇಕಿತ್ತು. ಬಿಲ್ಡರ್ ಕೆಲಸ ಎಳೆದ. ದಿನ ಆಷಾಢಕ್ಕೆ ಜಾರಿತು. ಆಷಾಢದಲ್ಲಿ ಗೃಹಪ್ರವೇಶ ಯಾರು ಮಾಡುತ್ತಾರೆ? ಶ್ರಾವಣದವರೆಗೆ ಕಾಯೋಣವೆಂದರೆ ಅಷ್ಟರಲ್ಲಿ ಅವ್ವ ಊರಿಗೆ ಹೊರಡುವವಳು. ಆಗ ನಮಗೆ ಹೊಳೆದದ್ದು ನಮ್ಮವರಿಗೆ ಮಾತ್ರ ಹೊಳೆಯುವಂಥ ಉಪಾಯ: ಮುಹೂರ್ತ ಮೊದಲು ಮುಗಿಸೋಣ, ಮನೆ ಆಮೇಲೆ ಕೊಳ್ಳೋಣ. ಬಿಲ್ಡರ್ ಆಫೀಸಿನ ಹುಡುಗಿಯನ್ನು ಒಂದು ಬೆಳಗಿನ ಮಟ್ಟಿಗೆ ಕೀಲಿ ಕೇಳಿದೆವು. ಅವಳಿಗೆ ನಮ್ಮವರ ಗುರುತು ಚೆನ್ನಾಗಿತ್ತು. ನಗುತ್ತ ಕೊಟ್ಟಳು, ನಿಜವಾದ ಹಸು ತರುವುದಿಲ್ಲ ತಾನೇ ಎಂದು ಮಾತ್ರ ಕೇಳಿದಳು.

ಬೆಳ್ಳಿಯ ಹಸು ತಂದೆವು. ಹೊಗೆಗೆ ಕೂಗಿಕೊಳ್ಳದಿರಲೆಂದು ನನ್ನ ಗಂಡ ಸ್ಮೋಕ್ ಅಲಾರಾಂಗೆ ಸ್ನಾನದ ಟೋಪಿ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದರು. ಗ್ಯಾಸ್ ಬಂದಿರಲಿಲ್ಲ, ಹಾಲಿಗೆ ಕರೆಂಟ್ ಒಲೆ ತಂದಿದ್ದೆವು. ಹತ್ತಿಪ್ಪತ್ತು ಜನ ಸೇರಿದ್ದರು.

ಹಾಲು ಅವ್ವನೇ ಇಡಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ಅಪ್ಪ ಹೋದ ಮೇಲೆ ಅವಳು ಯಾವ ಮಂಗಳಕಾರ್ಯದಲ್ಲೂ ಮುಂದೆ ನಿಂತವಳಲ್ಲ. ಮದುವೆ ಮನೆಯಲ್ಲಿ ಅಡುಗೆಯವರ ಹತ್ತಿರ, ಗೃಹಪ್ರವೇಶದಲ್ಲಿ ಚಪ್ಪಲಿಗಳ ಹತ್ತಿರ. ಯಾರೂ ಹೋಗು ಎನ್ನುತ್ತಿರಲಿಲ್ಲ, ತಾನೇ ಸರಿದುಕೊಳ್ಳುತ್ತಿದ್ದಳು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನನ್ನ ಮನೆಯಲ್ಲಿ ಹಾಗಾಗಕೂಡದು ಎಂಬ ಹಟ.

"ಬ್ಯಾಡವಾ, ನೀನ ಇಡು," ಎಂದಳು.

"ನೀನ ಇಡಬೇಕವ್ವಾ. ನನ್ನ ಮನಿ ಇದು," ಎಂದೆ.

ಹಿಂದೆ ನಿಂತಿದ್ದ ಮೈಸೂರಿನ ಆಂಟಿ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಅಂದರು. ನಾನು ತಿರುಗಿ ನೋಡಿದ ಮೇಲೆ ಸುಮ್ಮನಾದರು. ಅವ್ವ ಸೆರಗು ಸಿಕ್ಕಿಸಿಕೊಂಡು ಪಾತ್ರೆ ಇಟ್ಟಳು. ಹಾಲು ಪೂರ್ವದ ಕಡೆಗೇ ಉಕ್ಕಿ ಹೊಸ ಕಲ್ಲಿನ ಮೇಲೆ ಹರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವನ ಮುಖ ಆವತ್ತು ಇದ್ದ ಹಾಗೆ ನಾನು ಅಪ್ಪ ಇದ್ದಾಗಲೂ ಕಂಡಿರಲಿಲ್ಲ.

ಕ್ಲೋಸಿಂಗ್‌ಗೆ ಎರಡು ದಿನ ಇರುವಾಗ ಸಾಲದ ಏಜೆಂಟ್ ಫೋನ್ ಮಾಡಿದ. ನಮ್ಮ ಬಾಡಿಗೆ ಮನೆ ಆಗಲೇ ಬೇರೆಯವರ ಪಾಲಾಗಿತ್ತು, ಸಾಮಾನೆಲ್ಲ ಡಬ್ಬಗಳಲ್ಲಿತ್ತು. ಕಡೆಯ ಪರಿಶೀಲನೆಯಲ್ಲಿ ಫೈಲು ನಿಂತಿದೆ, ಬಿಲ್ಡರ್ ಕೊಟ್ಟಿರುವ ವಾರಂಟಿ ಕಂಪನಿಯನ್ನು ನಮ್ಮಲ್ಲಿ ಒಪ್ಪುವುದಿಲ್ಲ ಎಂದ. ಹಾಗೆಂದರೇನು ಎಂದು ಕೇಳಿದೆ. ಇಲ್ಲಿನ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಅಡಿಪಾಯ ಅಲುಗಾಡುತ್ತದೆ. ನಾಳೆ ಬಿರುಕು ಬಿಟ್ಟರೆ ಆ ಕಂಪನಿ ರಿಪೇರಿಯ ಖರ್ಚು ಕೊಡಬಲ್ಲದೆಂಬ ನಂಬಿಕೆ ನಮಗಿಲ್ಲ ಎಂದು ತಾಳ್ಮೆಯಿಂದ ವಿವರಿಸಿದ. ಅವರಿಗಿಲ್ಲದ ನಂಬಿಕೆ ನಮಗೆ ಯಾಕೆ ಇರಬೇಕಿತ್ತೋ ಯಾರೂ ಹೇಳಲಿಲ್ಲ. ಬೇರೆ ಕಂಪನಿಯ ವಾರಂಟಿ ಕೊಡಿ ಎಂದು ಬಿಲ್ಡರ್‌ನನ್ನು ಕೇಳಿದರೆ ಅವನು ಆಗುವುದಿಲ್ಲ ಎಂದ. ಇನ್ನೊಂದು ಬ್ಯಾಂಕು, ಮತ್ತೊಂದು ಬ್ಯಾಂಕು, ಅದೇ ಉತ್ತರ. ಅಷ್ಟರಲ್ಲಿ ಕರಾರಿನ ಗಡುವು ಮುಗಿಯಿತು. ಹಾಲು ಉಕ್ಕಿಸಿದ ಮನೆಯ ಮುಂದೆ ಮತ್ತೆ ಮಾರಾಟದ ಬೋರ್ಡು ಬಂತು.

ಅಡುಗೆ ಮಾಡಿಕೊಳ್ಳಬಹುದಾದ ಒಂದು ಹೋಟೆಲಿಗೆ ಶಿಫ್ಟ್ ಆದೆವು. ಆ ದಿನ ನಾನು ಕಾರು ಓಡಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅವ್ವ ದೇವರ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ನನ್ನ ಮಗಳು. ಫ್ರೀವೇಯಲ್ಲಿ ಫೋನ್ ಬಂತು. ಎತ್ತಿದೆ. ಮೈಸೂರಿನ ಆ ಆಂಟಿಯ ದನಿ ಕಾರಿನ ಸ್ಪೀಕರುಗಳಲ್ಲೆಲ್ಲ ತುಂಬಿಕೊಂಡಿತು.

"ವಿಷಯ ಕೇಳಿ ತುಂಬಾ ಬೇಜಾರಾಯ್ತು ಕಣಮ್ಮಾ. ತಪ್ಪು ತಿಳ್ಕೋಬೇಡ, ನಾನು ಅವತ್ತೇ ನಮ್ಮನೆಯವರ ಹತ್ರ ಅಂದೆ, ಹಾಲು ಉಕ್ಕಿಸೋಕೆ ಯಾರಾದ್ರೂ ಮುತ್ತೈದೆ ಕೈಲಿ ಇಡಿಸಿದ್ರೆ..."

ನಾನು ಬಟನ್ ಒತ್ತಿದೆ. ಹೇಳಬೇಕಾದದ್ದೆಲ್ಲ ಅಷ್ಟರಲ್ಲಿ ಹೇಳಿಯಾಗಿತ್ತು. ಎದುರಿಗೆ ಸಿಕ್ಕಿದ್ದರೆ ಆ ಹೆಂಗಸಿನ ಕೆನ್ನೆಗೆ ಬಾರಿಸುತ್ತಿದ್ದೆನೋ ಏನೋ.

"ಅಜ್ಜಿ, ಇಟ್ಸ್ ದ ಬ್ಯಾಂಕ್. ಇಟ್ಸ್ ನಾಟ್ ಯೂ," ಎಂದಳು ಮಗಳು.

ಸ್ವಲ್ಪ ದೂರ ಹೋದ ಮೇಲೆ ಅವ್ವ, "ಗಾಡಿ ಸಾವಕಾಶ ಹೊಡಿ," ಎಂದಳು.

ಹೋಟೆಲಿನ ಸಣ್ಣ ಅಡುಗೆ ಕಟ್ಟೆಯಲ್ಲಿ ಅವಳೇ ರೊಟ್ಟಿ ಬಡಿದಳು, ಪಲ್ಯ ಮಾಡಿದಳು. ಆದರೆ ಬೆಳಿಗ್ಗೆ ಚಹಾದ ಹೊತ್ತಿಗೆ ಒಲೆಯಿಂದ ದೂರ ನಿಂತು, "ಹಾಲು ನೀನ ಇಡು," ಎಂದಳು. ಮೊದಲ ದಿನ ನನಗೆ ತಿಳಿಯಲಿಲ್ಲ, ಇಟ್ಟೆ. ಮರುದಿನವೂ ಅದೇ ಮಾತು ಬಂದಾಗ ತಿಳಿಯಿತು.

ಕೂರಿಸಿಕೊಂಡು ಎಲ್ಲ ಹೇಳಿದೆ. ವಾರಂಟಿ ಅಂದರೆ ಏನು, ಬ್ಯಾಂಕು ಯಾಕೆ ಒಪ್ಪಲಿಲ್ಲ, ನಾವು ವಿಚಾರಿಸದೆ ಬಿಟ್ಟದ್ದು ಏನು. "ಅವ್ವಾ, ನೀನ ಅಂದ್ಯಲ್ಲ ಎರಿ ಮಣ್ಣು ಅಂತ. ಆ ನೆಲದ್ದ ತಕರಾರು. ನಿನ್ನ ಕೈಯಿಂದ ಏನೂ ಆಗಿಲ್ಲ."

ಅವ್ವ ಪೂರ್ತಿ ಕೇಳಿದಳು. "ನೆಲಾ ಎಲ್ಲಾರಿಗೂ ಅದಽ ಅದ. ಬಾಜೂ ಮನಿಯವರು ಬಂದು ಇದ್ದಾರಲ್ಲ?"

ಅವರು ಸಾಲ ಮಾಡದೆ ಕೊಂಡವರು, ಅವರನ್ನು ವಾರಂಟಿ ಕೇಳುವವರೇ ಇರಲಿಲ್ಲ. ಅದನ್ನೂ ಹೇಳಿದೆ. ಹೂಂ ಎಂದಳು. ಅವಳ ಹೂಂಗಳು ನನಗೆ ಗೊತ್ತು. ನನ್ನ ಸಮಾಧಾನಕ್ಕಾಗಿ ಅಂದದ್ದು ಅದು.

ಏರ್‌ಪೋರ್ಟಿನಲ್ಲಿ ಬೀಳ್ಕೊಡುವಾಗ ಅವಳು ಅಳಲಿಲ್ಲ, ನಾನು ಅತ್ತೆ. ನನ್ನ ಕಣ್ಣು ತನ್ನ ಸೆರಗಿನಿಂದ ಒರೆಸಿ, "ನಾ ಹೋದ್ಮ್ಯಾಲ ಎಲ್ಲಾ ಸುಸೂತ್ರ ಆಗ್ತದ ನೋಡ್ತಿರು," ಎಂದಳು. ಹಾಗನ್ನಬೇಡ ಎಂದು ಬೈದೆ. ಅಷ್ಟರಲ್ಲಿ ಸೆಕ್ಯುರಿಟಿಯ ಸಾಲು ಅವಳನ್ನು ಒಳಕ್ಕೆ ತೆಗೆದುಕೊಂಡಿತು.

ಮುಂದೆ ನನ್ನ ಗಂಡನಿಗೆ ಡಲ್ಲಾಸ್ ಕಡೆ ಕೆಲಸವಾಯಿತು. ಯೂಲೆಸ್‌ನಲ್ಲಿ ಹಳೆಯದೊಂದು ಮನೆ ಕೊಂಡೆವು. ಇಲ್ಲಿಯದೂ ಅದೇ ಮಣ್ಣು. ಹಾಲ್‌ನ ಗೋಡೆಗೆ ಆಗಲೇ ಒಂದು ಬಿರುಕು ಬಂದು, ಅದರ ಮೇಲೆ ಬಣ್ಣ ಬಳಿದಿದ್ದರು. ಆದರೆ ಹಳೆಯ ಮನೆ ಎಂದು ಬ್ಯಾಂಕು ವಾರಂಟಿಯ ಸುದ್ದಿಯನ್ನೇ ಎತ್ತಲಿಲ್ಲ, ಮರುಮಾತಿಲ್ಲದೆ ಸಾಲ ಕೊಟ್ಟಿತು. ಹೊಸ ಗೋಡೆಗೆ ಬೇಕಾದ ಭರವಸೆ ಸೀಳಿದ ಗೋಡೆಗೆ ಬೇಡವಂತೆ! ಕೀಲಿ ಕೈಗೆ ಬಂದ ಮೇಲೆಯೇ ಮುಹೂರ್ತ ಇಡಿಸಿದೆವು.

ಬಾ ಎಂದು ಅವ್ವನನ್ನು ತಿಂಗಳುಗಟ್ಟಲೆ ಕರೆದೆ. ಮಂಡಿನೋವು ಎಂದಳು, ಥಂಡಿ ಎಂದಳು. ಕೊನೆಗೆ ವಿಡಿಯೋದಲ್ಲಾದರೂ ನೋಡು ಎಂದು ಒಪ್ಪಿಸಿ, ಆವತ್ತು ಫೋನನ್ನು ಒಲೆಯ ಪಕ್ಕ ಸಕ್ಕರೆ ಡಬ್ಬಕ್ಕೆ ಆನಿಸಿ ನಿಲ್ಲಿಸಿದೆ. ಹೂವು ಚೆನ್ನಾಗಿದೆ ಎಂದಳು, ಅಳಿಯನ ಪಂಚೆಯನ್ನು ಹೊಗಳಿದಳು. ನಾನು ಹಾಲಿನ ಪಾತ್ರೆ ಇಟ್ಟೆ. ಅಂಚಿನಲ್ಲಿ ನೊರೆ ಕಟ್ಟತೊಡಗಿದಾಗ ಪರದೆಯ ಮೇಲಿನ ಅವ್ವನ ಮುಖ ಹೋಗಿ ಧಾರವಾಡದ ಮನೆಯ ಸೂರು ಬಂತು. ಫ್ಯಾನು ತಿರುಗುತ್ತಿತ್ತು.

"ಅವ್ವಾ, ಎಲ್ಲಿ ಹೋದಿ?"

"ಇಲ್ಲೇ ಇದ್ದೀನಿ. ಉಕ್ಕಿತೇನು?"

"ಇನ್ನೂ ಇಲ್ಲ. ಮುಖ ತೋರಸು."

"ಉಕ್ಕಿದ ಮ್ಯಾಲ ಬರ್ತೀನಿ."

ನನಗೆ ರೇಗಿತು. ಒಲೆ ಆರಿಸಿಬಿಟ್ಟೆ. ನೊರೆ ಇಳಿಯಿತು. ನೀನು ನೋಡುವವರೆಗೆ ಹಾಲು ಉಕ್ಕುವುದಿಲ್ಲ ಎಂದೆ. ಪುರೋಹಿತರು ಗಡಿಯಾರ ನೋಡಿದರು. "ಮುಹೂರ್ತ ಮೀರತ್ತೆ ಕಣೇ," ಎಂದರು ನನ್ನ ಗಂಡ ಮೆಲ್ಲಗೆ. ಅದು ಅವ್ವನಿಗೂ ಕೇಳಿಸಿರಬೇಕು. ಪರದೆ ಕಪ್ಪಾಯಿತು. ಕಟ್ ಮಾಡಿದ್ದು ಅವಳೇ.

ಮತ್ತೆ ಒಲೆ ಹಚ್ಚಿದೆ. ಹಾಲು ಉಕ್ಕಿತು, ಪೂರ್ವದ ಕಡೆಗೇ. ಬಂದವರೆಲ್ಲ ಚಪ್ಪಾಳೆ ತಟ್ಟಿದರು.

ಊಟ ಬಡಿಸುವ ಮೊದಲು ಹಿತ್ತಲಿಗೆ ಹೋಗಿ ಫೋನ್ ಮಾಡಿದೆ. ಅವ್ವ ತಕ್ಷಣ ಎತ್ತಿದಳು.

"ಉಕ್ಕಿತೇನು?"

"ಉಕ್ಕಿತು."

"ನೋಡಿದಿ?" ಎಂದಳು. ದನಿಯಲ್ಲಿ ನಿಜವಾದ ಸಂತೋಷವಿತ್ತು. "ನಾ ಹೇಳಿದ್ನಿಲ್ಲ?"