ವಸ್ತಾದನಿಗೆ ಬೀಳುವ ಪಾಠ

ತೊಂಬತ್ತರ ದಶಕದ ಕೊನೆಯ ಮೂರ್ನಾಲ್ಕು ವರ್ಷ ನಾನು ನಾಲ್ಕು ತಾಲೂಕಿನ ಮಂದಿಗೆ ಬೀಳುವುದನ್ನು ಕಲಿಸುತ್ತ ಅಲೆದಾಡಿದೆ. ಸೋಮವಾರ ಇಂಡಿ, ಬುಧವಾರ ಸಿಂದಗಿ, ಶುಕ್ರವಾರ ಮುದ್ದೇಬಿಹಾಳ, ಉಳಿದ ದಿನ ನಮ್ಮೂರು ಬಸವನ ಬಾಗೇವಾಡಿ. ಕಲಿಸುತ್ತಿದ್ದದ್ದು ಜೂಡೊ. ಬೋರ್ಡಿನ ಮೇಲೂ ದೊಡ್ಡ ಅಕ್ಷರದಲ್ಲಿ ಹಾಗೆಯೇ ಬರೆಸಿದ್ದೆ. ಮಂದಿ ಮಾತ್ರ ಕರಾಟೆ ಮಾಸ್ತರ ಎಂದೇ ಕರೆದರು. ಒಂದು ವರ್ಷ ತಿದ್ದಿ ನೋಡಿದೆ, ಆಮೇಲೆ ಬಾಯಿ ನೋಯಿಸಿಕೊಳ್ಳುವುದನ್ನು ಬಿಟ್ಟೆ.

ನಿದ್ದೆಯೆಲ್ಲ ಬಸ್ಸಿನಲ್ಲೇ. ಊರು ಬಂದರೆ ಕಂಡಕ್ಟರನೇ ಭುಜ ಹಿಡಿದು ಅಲುಗಿಸುತ್ತಿದ್ದ. ಶಾಲೆಯ ಬಯಲಿನಲ್ಲಿ ಕಡಲೆ ಹೊಟ್ಟು ತುಂಬಿದ ಚೀಲಗಳನ್ನು ಹಾಸಿ ಮೇಲೊಂದು ತಾಡಪತ್ರಿ ಬಿಗಿದರೆ ಅದೇ ನಮ್ಮ ಮ್ಯಾಟು. ಮೊದಲು ಮಕ್ಕಳ ಪಾಳಿ, ಅದು ಮುಗಿದ ಮೇಲೆ ದೊಡ್ಡವರದು. ದೊಡ್ಡವರೆಂದರೆ ಬ್ಯಾಂಕಿನ ಗುಮಾಸ್ತರು, ಪೊಲೀಸರು, ಸಿಂದಗಿಯ ಒಬ್ಬ ಕನ್ನಡ ಶಾಲೆಯ ಅಕ್ಕೋರು. ಗಂಡಸರಿಗೆಲ್ಲ ಮೊದಲ ವಾರದಲ್ಲೇ ಇಟ್ಟಂಗಿ ಒಡೆಯಬೇಕು. ಬೀಳುವುದನ್ನು ಕಲಿಯಿರಿ ಎಂದರೆ ಮುಖ ಹುಳ್ಳಗೆ ಮಾಡುತ್ತಿದ್ದರು. ಅಕ್ಕೋರು ಮಾತ್ರ ಮೊದಲ ಸಲ ಹಿಂದಕ್ಕೆ ಉರುಳಿ, ಮಲಗಿದಲ್ಲೇ ನಗತೊಡಗಿದರು. "ಸಣ್ಣಾಕಿದ್ದಾಗ ಬಿದ್ದದ್ದ ಕಡೀರಿ ಸರ, ಆಮ್ಯಾಲ ನನ್ನ ಯಾರೂ ಬೀಳಾಕ ಬಿಟ್ಟಿಲ್ಲ" ಎಂದರು.

ಜೂಡೊದ ಮೊದಲ ಪಾಠವೇ ಅದು. ಗದ್ದ ಎದೆಗೆ ಒತ್ತಬೇಕು, ಬೆನ್ನು ದುಂಡಗೆ ಮಾಡಬೇಕು, ಹಿಂದಕ್ಕೆ ಉರುಳುತ್ತ ಎರಡೂ ಕೈಯಿಂದ ನೆಲಕ್ಕೆ ಪಟ್ಟನೆ ಹೊಡೆಯಬೇಕು. ಪೆಟ್ಟೆಲ್ಲ ಕೈಗೆ ಹೋಗಿ ಎಲುಬು ಉಳಿಯುತ್ತದೆ. ಮಕ್ಕಳಿಗೆ ನಾಲ್ಕು ದಿನ ಸಾಕು, ದೊಡ್ಡವರಿಗೆ ಒಂದು ತಿಂಗಳು. ಕುಸ್ತಿ ಆಡಿದ ಮನೆತನದವರಿಗೆ ಅದು ಬರುವುದೇ ಇಲ್ಲ. ಇಂಗಳೇಶ್ವರದ ಒಬ್ಬ ಪೈಲ್ವಾನ ನಡುಪಾಠದಲ್ಲೇ ಬಂದು ಮಗನ ರಟ್ಟೆ ಹಿಡಿದು ಎಬ್ಬಿಸಿದ. "ರೊಕ್ಕ ಕೊಟ್ಟು ಬೆನ್ನ ಹಚ್ಚೂದು ಕಲೀಬೇಕೇನ್ರಿ ಮಾಸ್ತರ?" ಎಂದು ಕೇಳಿ, ಹುಡುಗನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿಬಿಟ್ಟ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೂ ಅದೇ ಮಣ್ಣಿನವನು. ನಮ್ಮೂರ ತಾಲೀಮಿಗೆ ನಮ್ಮಪ್ಪನೇ ವಸ್ತಾದ. ಅಲ್ಲಿ ಕುಸ್ತಿ ಕಲಿಯುವ ಎಲ್ಲರಿಗೂ ಅವನು ಗುರು, ಬಾಗಿಲು ದಾಟಿದ ಮೇಲೆ ನನಗೂ 'ವಸ್ತಾದ್ರೇ'. ಆ ಕೆಂಪು ಮಣ್ಣಿಗೆ ಬೆನ್ನು ಹತ್ತಿದರೆ ಸೋತಂತೆ. ಹತ್ತಿತೋ ಇಲ್ಲವೋ ಎಂದು ತಕರಾರು ಬಿದ್ದರೆ ಪೈಲ್ವಾನನನ್ನು ತಿರುಗಿಸಿ ನಿಲ್ಲಿಸಿ ಬೆನ್ನಿನ ಮೇಲೆ ಮಣ್ಣಿದೆಯೇ ಎಂದು ನೋಡುತ್ತಿದ್ದರು. ಹತ್ತು ವರ್ಷ ಹಾಗೆ ಬೆಳೆದ ಮೈ ತಲೆಯ ಮಾತು ಕೇಳುವುದಿಲ್ಲ. ಜೂಡೊ ಕಲಿಯಲು ಹೋದ ಮೊದಲ ವಾರ ನಾನೇ ಹಿಂದಕ್ಕೆ ಬೀಳಲಾರದೆ ಅರ್ಧದಲ್ಲಿ ಹೊರಳಿ ಹೆಗಲ ಎಲುಬು ಮುರಿದುಕೊಂಡೆ.

ಆ ಹೊತ್ತಿಗೆ ಅಪ್ಪನಿಗೆ ಅರವತ್ತೈದು ದಾಟಿತ್ತು. ಬಿಪಿ ಗುಳಿಗೆ ಶುರುವಾದ ಮೇಲೆ ಎದ್ದು ನಿಂತರೆ ಅವನಿಗೆ ತಲೆ ತಿರುಗುತ್ತಿತ್ತು. ಒಂದೇ ತಿಂಗಳಲ್ಲಿ ಎರಡು ಸಲ ಗೋಡೆ ಹಿಡಿದು ಉಳಿದುಕೊಂಡ. ಈ ವಯಸ್ಸಿನಲ್ಲಿ ಸೊಂಟದ ಎಲುಬು ಮುರಿದರೆ ಮತ್ತೆ ಎದ್ದು ಓಡಾಡುವುದು ಕಷ್ಟ ಎಂದು ಡಾಕ್ಟರು ನನ್ನೊಬ್ಬನಿಗೇ ಹೇಳಿದರು. ಅಂದಿನಿಂದ ನನಗೆ ಒಂದೇ ಚಿಂತೆ. ಬೀಳುವುದಂತೂ ತಪ್ಪುವುದಿಲ್ಲ, ಬೀಳುವ ಮೊದಲು ಇವನಿಗೆ ಬೀಳಲು ಕಲಿಸಬೇಕು.

"ನನ್ನ ತಾಲೀಮಿನ್ಯಾಗ ನಾನ ಬೆನ್ನ ಹಚ್ಚಲೇನು?" ಎಂದ ಅಪ್ಪ.

"ಬಾಗಲಾ ಹಾಕ್ತೇನ್ರಿ. ಯಾರೂ ನೋಡೂದಿಲ್ಲ."

"ನೀ ನೋಡ್ತೀಯಲ್ಲ."

ಎಂಟು ದಿನ ತಲೆ ತಿಂದ ಮೇಲೆ ಒಂದು ಮುಂಜಾನೆ ಒಪ್ಪಿದ. ಬಾಗಿಲು ಹಾಕಿದೆ. ಅಪ್ಪ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಕುಕ್ಕರಗಾಲಲ್ಲಿ ಕುಳಿತ. ಗದ್ದ ಒಳಗೆ, ಬೆನ್ನು ದುಂಡಗೆ, ಎಲ್ಲ ಹೇಳಿದಂತೆಯೇ ಮಾಡಿದ. ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ನೂಕಿದೆ. ಬೆನ್ನು ಮಣ್ಣಿಗೆ ತಾಗಬೇಕು ಎನ್ನುವಷ್ಟರಲ್ಲಿ ಗಿರ್ರನೆ ತಿರುಗಿ ಮೊಳಕಾಲು, ಅಂಗೈ ಊರಿ ನಿಂತಿದ್ದ. ಇನ್ನೊಮ್ಮೆ ಮಾಡಿಸಿದರೂ ಅದೇ, ಮೂರನೆಯ ಸಲವೂ ಅದೇ. ಒಳಗೊಳಗೇ ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳಬಾರದು. ಆದರೆ ಹಿಂದಿನ ದಿನ ಇಂಡಿಯಿಂದ ನಿಂತುಕೊಂಡೇ ಬಂದಿದ್ದೆ, ಮೈಯೆಲ್ಲ ಹಿಂಡಿ ಹಿಪ್ಪೆಯಾಗಿತ್ತು. ಬಾಯಿ ಹಿಡಿತ ತಪ್ಪಿತು.

"ಆರು ವರ್ಷದ ಹುಡುಗರಿಗೆ ಬರತೈತಿ, ನಿಮಗ ಬರಂಗಿಲ್ಲ. ಏನ್ ವಸ್ತಾದಕೀರಿ ಇದು?"

ಅಪ್ಪ ಮೊಳಕಾಲಿನ ಮಣ್ಣು ಜಾಡಿಸಿಕೊಂಡು, ಅಗಳಿ ತೆಗೆದು, ಮನೆಗೆ ನಡೆದ. ನಾನು ಕ್ಷಮೆ ಕೇಳಲಿಲ್ಲ. ಮರುದಿನ ಕೇಳಿದರಾಯಿತು ಎಂದುಕೊಂಡೆ. ಮರುದಿನ ಬುಧವಾರ, ಸಿಂದಗಿ ಬಸ್ಸು ಹತ್ತಿದೆ. ಆ ಪಾಠದ ಮಾತನ್ನು ಮತ್ತೆ ನಾವಿಬ್ಬರೂ ಎತ್ತಲಿಲ್ಲ.

ಎರಡು ತಿಂಗಳಾದ ಮೇಲೆ ಗೊಳಸಂಗಿಯಲ್ಲಿ ಬೀಗರ ಮನೆಯ ನಿಶ್ಚಯಕ್ಕೆ ಹೋದೆವು. ನಾನು ಮೊದಲು ಇಳಿದು ಚೀಲ ಹಿಡಿದು ನಿಂತಿದ್ದೆ. ಅಪ್ಪ ಬಸ್ಸಿನ ಕೊನೆಯ ಮೆಟ್ಟಿಲಿನಿಂದ ಕಾಲು ಕೆಳಗಿಡುವಾಗ ಬಸ್ಸು ಜಗ್ಗಿತು. ಅವನು ಹಿಂದಕ್ಕೆ ಬೀಳತೊಡಗಿದ. ನನ್ನ ಮಕ್ಕಳ ಪಾಳಿಯ ಯಾವ ಹುಡುಗನಾದರೂ ಹಾಗೇ ಉರುಳಿ, ನೆಲಕ್ಕೆ ಹೊಡೆದು, ಧೂಳು ಕೊಡವಿಕೊಂಡು ಎದ್ದುಬಿಡುತ್ತಿದ್ದ. ಅಪ್ಪ ತಿರುಗಿದ. ಅಡ್ಡಲಾಗಿ ಸೊಂಟದ ಮೇಲೆ ಬಿದ್ದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು.

ಓಡಿಹೋಗಿ ಕುಳಿತೆ. ಅವನ ಮುಖ ಬಿಳಿಚಿಕೊಂಡಿತ್ತು. "ಬೆನ್ನಿಗಿ ಮಣ್ಣ ಹತ್ತೈತೇನು ನೋಡು" ಎಂದ.

"ಇಲ್ರಿ" ಎಂದೆ. ನಿಜವಾಗಿಯೂ ಹತ್ತಿರಲಿಲ್ಲ.

ಎದೆ ದುರ್ಬಲ, ಆಪರೇಶನ್ ಬೇಡ ಎಂದರು ಬಿಜಾಪುರದ ಆಸ್ಪತ್ರೆಯಲ್ಲಿ. ಕಾಲಿಗೆ ತೂಕ ಕಟ್ಟಿ ಆರು ವಾರ ಅಂಗಾತ ಮಲಗಿಸಬೇಕು, ಮಗ್ಗುಲು ಹೊರಳಲೇಬಾರದು. ಅಪ್ಪ ಹುಟ್ಟಾ ಮಗ್ಗುಲಲ್ಲಿ ಮಲಗಿದವನು. ಮೂರನೆಯ ದಿನ ಮಧ್ಯಾಹ್ನ ಊಟದ ತಟ್ಟೆ ತೊಳೆದು ಬರುವಷ್ಟರಲ್ಲಿ ಹೊರಳಲು ಹೊರಟಿದ್ದ. ತೂಕ ಜೋಲಾಡುತ್ತಿತ್ತು, ನೋವಿಗೆ ಅವನ ಹಲ್ಲು ಕಟ್ಟಿದ್ದವು. "ಹಿಡೀರಿ ಅವರನ್ನ, ಗಟ್ಟಿ ಹಿಡೀರಿ!" ಎಂದು ಸಿಸ್ಟರು ಕೂಗಿದಳು.

ಎರಡೂ ಭುಜದ ಮೇಲೆ ಕೈಯಿಟ್ಟು ಒತ್ತಿದೆ. ಅಪ್ಪ ಕತ್ತಿನ ಮೇಲೆ ಭಾರ ಹಾಕಿ ಎದೆ ಎತ್ತಿದ. ನನಗೆ ಅವನೇ ಕಲಿಸಿದ್ದ ಪಟ್ಟು ಅದು, ಕೆಳಗೆ ಬಿದ್ದ ಪೈಲ್ವಾನ ಬೆನ್ನು ಉಳಿಸಿಕೊಳ್ಳುವ ಕಡೆಯ ಪಟ್ಟು. ಆ ಮುದಿ ಮೈಯಲ್ಲಿ ಅಷ್ಟು ಕಸುವು ಇನ್ನೂ ಇತ್ತು. ನಾನು ಮೈಯ ಭಾರವನ್ನೆಲ್ಲ ಬಿಟ್ಟೆ. ಅಪ್ಪ ಕಣ್ಣು ತೆರೆದು ಒತ್ತುತ್ತಿರುವವನು ಯಾರೆಂದು ನೋಡಿದ. ಗುರುತು ಹತ್ತಿದ ಮೇಲೆ ಕತ್ತು ಸಡಿಲಿಸಿದ. ಮೊದಲು ಎಡಭುಜ, ಆಮೇಲೆ ಬಲಭುಜ ಹಾಸಿಗೆಗೆ ಹತ್ತಿದವು.

"ಬೀಳೂದು ಬಂತೇನು?" ಎಂದು ಕೇಳಿದ.

"ಬಂತ್ರಿ" ಎಂದೆ.

"ಹಂಗಾರ ಕೈ ತಗಿ."

ನನಗೆ ಕೈ ತೆಗೆಯಲಾಗಲಿಲ್ಲ.