ಮಗ್ಗದ ಕುಣಿಯಲ್ಲಿ ಕೂತವಳು

ಮೊನ್ನೆ ಸೊಸೆ ನನ್ನ ಮೊಣಕಾಲಿಗೆಂದು ಹುಣಸೆ ಬೀಜ ಹುರಿದಳು. ಯಾರೋ ಹೇಳಿದ ಮದ್ದಂತೆ. ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ನೀರು ಹಾಕಿ ಕುದಿಯಲು ಇಟ್ಟಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಸೊಸೆ ಗಾಬರಿಯಾದಳು, ಏನು ತಪ್ಪಾಯಿತೋ ಎಂದು. ಆಕೆಯದೇನೂ ತಪ್ಪಿಲ್ಲ. ನನಗೆ ಸಿಟ್ಟು ಬಂದದ್ದು ಸತ್ತು ಹೋದ ಹೆಂಗಸೊಬ್ಬಳ ಮೇಲೆ. ಹುಣಸೆ ಬೀಜದ ಗಂಜಿ ಕುದಿಯುವ ವಾಸನೆ ಬಂದರೆ ಈಗಲೂ ನನಗೆ ಆಕೆಯೇ ಕಾಣುತ್ತಾಳೆ.

ನಾನು ಹುಟ್ಟಿ ಬೆಳೆದದ್ದು ಮೂಡಲಗಿಯ ಕುರುಬರ ಓಣಿಯಲ್ಲಿ. ನಾನು ಹೇಳುತ್ತಿರುವುದು ದೊಡ್ಡ ಯುದ್ಧದ ಕಾಲ, ನನಗಿನ್ನೂ ಮದುವೆಯಾಗಿರಲಿಲ್ಲ. ಮೂಡಲಗಿ ಆಗ ಸಂತೆಯ ದಿನ ಪೇಟೆ, ಮರುದಿನ ಮತ್ತೆ ಹಳ್ಳಿ. ನಮ್ಮ ಓಣಿಯಲ್ಲಿ ಕೆಲವರು ಕುರಿ ಕಾಯುತ್ತಿದ್ದರು, ಉಳಿದವರು ಕಂಬಳಿ ನೇಯುತ್ತಿದ್ದರು. ಉಣ್ಣೆಯ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿಯನ್ನು ಕುಂಚದಿಂದ ತಿಕ್ಕಿ ಬಿಸಿಲಿಗೆ ಒಣಗಿಸಬೇಕು. ಇಲ್ಲದಿದ್ದರೆ ಮಗ್ಗದಲ್ಲಿ ಎಳೆ ತಡೆಯುವುದಿಲ್ಲ. ಸಂತೆಗೆ ಹೋಗುವವರು ಆ ನೂಲಿನ ಕೆಳಗೆ ಬಗ್ಗಿ, ನಮ್ಮನ್ನು ಬೈಯುತ್ತ ದಾಟುತ್ತಿದ್ದರು. ನಮ್ಮ ಮಂದಿ ಬೈಸಿಕೊಳ್ಳುತ್ತಲೇ ಗಂಜಿ ತಿಕ್ಕುತ್ತಿದ್ದರು.

ನೂಲುವುದು, ಗಂಜಿ ಕಾಸುವುದು, ತಿಕ್ಕುವುದು ಎಲ್ಲ ಹೆಂಗಸರದು. ಮಗ್ಗ ಮಾತ್ರ ಗಂಡಸರದು. ಮಗ್ಗದ ಮುಂದೆ ನೆಲದಲ್ಲಿ ಕುಣಿ ತೋಡಿರುತ್ತಿದ್ದರು. ನೇಯುವವನು ಅದರಲ್ಲಿ ಕಾಲು ಇಳಿಬಿಟ್ಟು ಕೂಡಬೇಕು. ಆ ಕುಣಿಯಲ್ಲಿ ಹೆಣ್ಣು ಕೂತರೆ ಓಣಿಯ ಕುರಿಗಳಿಗೆಲ್ಲ ಬೇನೆ ಬರುತ್ತದೆ ಎನ್ನುತ್ತಿದ್ದರು. ಯಾವ ಕುರಿ ಬಂದು ಹೇಳಿತ್ತೋ, ನನಗೆ ತಿಳಿಯದು.

ನಮ್ಮ ಪಕ್ಕದ ಮನೆಯಲ್ಲಿ ನಾವು ಕಾಕಾ, ಕಾಕು ಎಂದು ಕರೆಯುತ್ತಿದ್ದ ಗಂಡ ಹೆಂಡತಿ ಇಬ್ಬರೇ. ಮಕ್ಕಳಿಲ್ಲ. ಕಾಕಾ ಒಳ್ಳೆಯ ನೇಕಾರನೇ ಆಗಿದ್ದ. ಒಮ್ಮೆ ಗೋಕಾಕದಿಂದ ಬರುವಾಗ ಉಣ್ಣೆಯ ಬಂಡಿ ಮಗುಚಿ ಬಲಗೈ ಮುರಿಯಿತು. ಕಟ್ಟು ಕಟ್ಟಿದವನು ಡೊಂಕಾಗಿ ಕಟ್ಟಿದ. ಆಮೇಲೆ ಆ ಕೈ ಹೆಗಲಿಗಿಂತ ಮೇಲೆ ಏಳಲೇ ಇಲ್ಲ. ಹೊಲ ಮೊದಲೇ ಇರಲಿಲ್ಲ. ಇದ್ದ ಕುರಿ ಕೈಯ ಔಷಧಿಗೇ ಹೋದವು. ಮಗ್ಗ ನಿಂತರೆ ಊರು ಬಿಟ್ಟು ಗೋಕಾಕ ಫಾಲ್ಸಿನ ಗಿರಣಿಯ ಕಡೆ ಕೂಲಿಗೆ ಹೋಗಬೇಕು, ಬೇರೆ ದಾರಿಯಿಲ್ಲ.

ಆದರೆ ಮಗ್ಗ ನಿಲ್ಲಲಿಲ್ಲ. ಮಧ್ಯಾಹ್ನ ಅವರ ಮನೆಯಿಂದ ನೇಯುವ ಸಪ್ಪಳ ಬರುತ್ತಲೇ ಇತ್ತು. ಕಾಕಾ ಹೇಗೋ ಎಡಗೈಯಲ್ಲಿ ಸಂಭಾಳಿಸುತ್ತಾನೆ ಎಂದು ಓಣಿಯ ಗಂಡಸರು ಹೇಳುತ್ತಿದ್ದರು. ನಾನು ರಾಟಿ ಹೊತ್ತುಕೊಂಡು ನೂಲಲು ಅಲ್ಲಿಗೇ ಹೋಗುತ್ತಿದ್ದವಳು. ಒಂದು ದಿನ ಹೊತ್ತಿಗೆ ಮುಂಚೆ ಹೋಗಿಬಿಟ್ಟೆ. ಕುಣಿಯಲ್ಲಿ ಕಾಕು ಕೂತಿದ್ದಳು. ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿದ್ದಳು. ಕಾಕಾ ಗೋಡೆಗೆ ಆತು ಕೂತು, ಹೊರಗೆ ಯಾರಾದರೂ ಹಾದುಹೋದರೆ ಜೋರಾಗಿ ಕೆಮ್ಮುತ್ತಿದ್ದ, ತಾನೇ ನೇಯುತ್ತಿದ್ದೇನೆ ಎನ್ನುವ ಹಾಗೆ. ಕಾಕು ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ. ಒಳಗೆ ಬಂದು ಬಾಗಿಲು ಹಾಕಿಕೋ ಎಂದಳು, ಅಷ್ಟೇ.

ನಾನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಎಂದು ಬಾವಿಕಟ್ಟೆಯಲ್ಲಿ ಗೊತ್ತಾಯಿತು. ನೀರು ಸೇದುತ್ತಿದ್ದ ಎದುರು ಮನೆಯವಳು ನಮ್ಮ ಅವ್ವನಿಗೆ ಹೇಳುತ್ತಿದ್ದಳು.

“ಇವತ್ತ ಕಾಕಾಂದು ಕೆಮ್ಮ ಭಾಳ ಜೋರ ಐತಿ ನೋಡವಾ. ಸಂಜೀಕ ಕಂಬಳಿ ಮುಗಿತೈತಿ.”

ಎಲ್ಲರೂ ನಕ್ಕರು. ಅಂದರೆ ಎಲ್ಲರಿಗೂ ಗೊತ್ತಿತ್ತು. ಮಗ್ಗದಲ್ಲಿ ಕಾಕಾನ ಪೆಟ್ಟು ಭಾರ, ನಿಧಾನ. ಕಾಕುವಿನದು ಹಗುರ, ಚುರುಕು. ಕಿವಿ ಇದ್ದವರಿಗೆ ತಿಳಿಯದೆ ಇರುತ್ತದೆಯೇ? ಗಂಡಸರಿಗೂ ಗೊತ್ತಿದ್ದಿರಬೇಕು. ಯಾರೂ ಬಾಯಿ ಬಿಡಲಿಲ್ಲ. ಕುರಿಗಳಿಗೂ ಏನೂ ಆಗಲಿಲ್ಲ.

ಕಾಕುವಿನ ಕಂಬಳಿಯ ಅಂಚು ಎಳೆದು ಹಿಡಿದ ಹಗ್ಗದ ಹಾಗೆ ನೆಟ್ಟಗೆ ಇರುತ್ತಿತ್ತು. ಸಂತೆಯಲ್ಲಿ ಕಾಕಾ ಅದನ್ನು ಹೆಗಲ ಮೇಲೆ ಹಾಕಿಕೊಂಡು ನಿಂತರೆ ಮಂದಿ ಅವನ ಕೈಯನ್ನು ಹೊಗಳುತ್ತಿದ್ದರು. ಅವನು ತಲೆ ತಗ್ಗಿಸುತ್ತಿದ್ದ. ವಿನಯ ಎಂದು ಅದನ್ನೂ ಹೊಗಳುತ್ತಿದ್ದರು…

ಆಗ ಸೈನ್ಯಕ್ಕೆ ಕಂಬಳಿ ಬೇಕೆಂದು ಗೋಕಾಕದಿಂದ ಒಬ್ಬ ಸಾವಕಾರ ಬಂದ. ಉಣ್ಣೆ ಅವನೇ ಕೊಡುತ್ತಾನೆ, ನೇಯ್ದಷ್ಟನ್ನೂ ಅವನೇ ಒಯ್ಯುತ್ತಾನೆ. ಹುಕ್ಕೇರಿ ಕಡೆ ಯಾರೋ ಅವನ ಉಣ್ಣೆ ತೆಗೆದುಕೊಂಡು ಬೇರೆಯವರಿಗೆ ಮಾರಿ ಕೈಯೆತ್ತಿದ್ದರಂತೆ. ಅದಕ್ಕೆ, ನೇಯುವವನು ತನ್ನೆದುರು ಮಗ್ಗಕ್ಕೆ ಕೂತು ತೋರಿಸಿದರೆ ಮಾತ್ರ ಉಣ್ಣೆ ಎಂದು ಹೇಳಿದ. ಗುಡಿಯ ಕಟ್ಟೆಯ ಮೇಲೆ ಓಣಿಯ ಕಂಬಳಿಗಳನ್ನೆಲ್ಲ ಹಾಸಿದರು. ಅವನು ಒಂದೊಂದರ ಅಂಚನ್ನೂ ಬೆರಳಲ್ಲಿ ತಿಕ್ಕಿ ನೋಡಿದ. ಕಾಕುವಿನ ಕಂಬಳಿಗೆ ಬಂದಾಗ ಅವನ ಬೆರಳು ನಿಂತಿತು. ಇದು ಯಾರದೆಂದು ಕೇಳಿದ. ಹಿರಿಯರು ಕಾಕಾನನ್ನು ತೋರಿಸಿದರು.

ಎಲ್ಲರೂ ಆ ಮನೆಗೆ ಬಂದರು. ಕಾಕಾ ಕುಣಿಯ ಪಕ್ಕ ನಿಂತ, ಇಳಿಯಲಿಲ್ಲ. ಸಾವಕಾರನ ಕಣ್ಣು ಅವನ ಡೊಂಕು ಕೈಯ ಮೇಲೆ ಬಿತ್ತು. ಅವನೇನು ದಡ್ಡನೇ? ಆದರೆ ಸಿಟ್ಟು ಮಾಡಲಿಲ್ಲ, ನಕ್ಕ.

“ಖರೆ ಹೇಳ್ರಿ. ಯಾರ ನೇಯ್ದರೂ ನಂದೇನ ತಕರಾರ ಇಲ್ಲ. ನನಗ ಇಂಥಾ ಕಂಬಳಿ ಬೇಕು, ಅಷ್ಟ.”

ಕಾಕಾ ನೆಲ ನೋಡಿದ. ಓಣಿಯ ಗಂಡಸರು ಜಂತಿ ನೋಡಿದರು. ಸಾವಕಾರ ಬಾಗಿಲ ಹಿಂದೆ ಸೆರಗು ಹೊದ್ದು ನಿಂತಿದ್ದ ಕಾಕುವಿನ ಕಡೆ ತಿರುಗಿ, ನೀವಾದರೂ ಹೇಳಿ ಅಕ್ಕಾ ಎಂದ. ನಾನು ಮೂಲೆಯಲ್ಲಿ ರಾಟಿಯ ಮುಂದೆ ಕೂತಿದ್ದೆ. ಒಂದು ಮಾತು ಹೇಳಿದರೆ ಮುಗಿಯಿತು, ಇನ್ನು ಬಾಗಿಲು ಹಾಕಿಕೊಂಡು ನೇಯುವುದು ತಪ್ಪುತ್ತದೆ, ಹೇಳು, ಹೇಳು ಎಂದು ಮನಸ್ಸಿನಲ್ಲೇ ಅಂದೆ.

ಕಾಕು ಒಳಗೆ ಹೋದಳು. ದೇವರ ಜಗಲಿಯ ಮೇಲಿನ ಭಂಡಾರದ ಚೀಲ ತಂದಳು. ಭಂಡಾರವೆಂದರೆ ದೇವರ ಅರಿಶಿನ ಪುಡಿ. ನಮ್ಮ ಮಂದಿ ಅದನ್ನು ಮುಟ್ಟಿ ಆಡಿದ ಮಾತಿನ ಮೇಲೆ ಮತ್ತೆ ಮಾತಿಲ್ಲ. ಹಿಡಿ ತುಂಬ ತೆಗೆದುಕೊಂಡಳು.

“ಭಂಡಾರ ಮುಟ್ಟಿ ಹೇಳ್ತೇನ್ರಿ. ನಾ ಮಗ್ಗದಾಗ ಕುಂತಾಕಿ ಅಲ್ಲ. ಕುಂಡ್ರಾಕಿನೂ ಅಲ್ಲ.”

ಸಾವಕಾರ ಕಂಬಳಿ ಮಡಚಿ ಕಾಕಾನ ಹೆಗಲ ಮೇಲೆ ಹಾಕಿ ಹೊರಟುಹೋದ. ಕೂತು ತೋರಿಸುವವರಿಲ್ಲದ ಮೇಲೆ ಉಣ್ಣೆ ಓಣಿಯ ಆ ಕೊನೆಯ ಮನೆಗೆ ಹೋಯಿತು. ಅವರ ಅಂಚು ಹಾವು ಹರಿದ ಹಾಗೆ ಇರುತ್ತಿತ್ತು. ಸೈನಿಕರು ಅದನ್ನೇ ಹೊದ್ದಿರಬೇಕು.

ಮರುದಿನ ಹೋದೆ. ಕಾಕು ಮಗ್ಗದ ಮೇಲೆ ಗೋಣಿತಟ್ಟು ಹೊದಿಸುತ್ತಿದ್ದಳು. ಅರ್ಧ ನೇಯ್ದದ್ದು ಹಾಗೆಯೇ ಇತ್ತು. ನನಗೆ ತಡೆಯಲಾಗಲಿಲ್ಲ.

“ಯಾರ ನೇಯ್ದರೂ ನಡಿತೈತಿ ಅಂತ ಸಾವಕಾರ ತಾನ ಹೇಳಿದ್ನಲ್ಲ ಕಾಕು. ನೀ ಯಾಕ ಆಣಿ ಮಾಡಿದಿ?”

“ನಿಮ್ಮ ಕಾಕಾ ಅಲ್ಲೇ ನಿಂತಿದ್ರಲ್ಲ ತಂಗಿ.”

“ಅಂವ ಒಂದ ಮಾತ ಆಡಬೇಕಿತ್ತಿಲ್ಲೋ?”

ಕಾಕು ಗೋಣಿತಟ್ಟಿನ ತುದಿಯನ್ನು ಒಳಗೆ ಸಿಕ್ಕಿಸಿದಳು. ರಾಟಿ ತೆಗೆದುಕೊಂಡು ನಿಮ್ಮ ಮನೆಗೆ ಹೋಗು, ಇಲ್ಲಿ ಇನ್ನು ನೂಲಿಗೆ ಕೆಲಸವಿಲ್ಲ ಎಂದಳು.

ಕೂತಿಲ್ಲ ಎಂದು ಹಿಂದಿನದಕ್ಕೆ ಸುಳ್ಳು ಹೇಳಿದ್ದಳು. ಕೂಡುವುದಿಲ್ಲ ಎಂದ ಮುಂದಿನದನ್ನಾದರೂ ಖರೆ ಮಾಡಿದರೆ ದೇವರು ಬಿಟ್ಟಾನೆಂದು ತಿಳಿದಿರಬೇಕು. ಮತ್ತೆ ಆ ಕುಣಿಗೆ ಇಳಿಯಲಿಲ್ಲ. ಕೆಮ್ಮಿನ ಮಾತಾಡಿ ನಕ್ಕಿದ್ದ ಹೆಂಗಸರೇ ಈಗ ಗಂಡನ ಮಾನ ಉಳಿಸಿದಳು, ಹೆಣ್ಣೆಂದರೆ ಹೀಗಿರಬೇಕು ಎಂದು ಹೊಗಳಿದರು. ಹೊಗಳಿಕೆಯಿಂದ ಒಲೆ ಹೊತ್ತಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ಇಬ್ಬರೂ ಗಂಟು ಕಟ್ಟಿಕೊಂಡು ಗಿರಣಿಯ ಕಡೆ ಹೋದರು. ಕಾಕಾ ಯಾರದೋ ಗೋದಾಮು ಕಾಯುತ್ತಿದ್ದ, ಕಾಕು ಕಸ ಹೊಡೆಯುತ್ತಿದ್ದಳು. ಮಗ್ಗದ ಮರಗಳನ್ನು ಬೇರೆಯವರು ದನದ ಕೊಟ್ಟಿಗೆಗೆ ಒಯ್ದರು. ಕುಣಿಗೆ ಮಣ್ಣು ತುಂಬಿದರು.

ನನ್ನನ್ನು ಯಮಕನಮರಡಿಗೆ ಕೊಟ್ಟರು. ಕಾಕಾ ಸತ್ತ ಸುದ್ದಿ ಬಂದಾಗ ಮಾತಾಡಿಸಲು ಹೋದೆ. ಕಾಕು ಸೊರಗಿದ್ದಳು. ಮಾತಾಡುವಾಗ ಕೈ ಸುಮ್ಮನಿರಲಿಲ್ಲ, ಸೀರೆಯ ಅಂಚನ್ನು ಜಗ್ಗಿ ಜಗ್ಗಿ ನೆಟ್ಟಗೆ ಮಾಡುತ್ತಲೇ ಇತ್ತು. ನಮ್ಮ ಮನೆಗೆ ಬಾ, ನನ್ನ ಮಾವನ ಮಗ್ಗ ಖಾಲಿ ಬಿದ್ದಿದೆ, ಇಲ್ಲಿ ನಿನ್ನನ್ನು ಕೇಳುವವರಿಲ್ಲ ಎಂದೆ. ಮನೆಯವರನ್ನು ಒಪ್ಪಿಸಿಯೇ ಹೋಗಿದ್ದೆ, ಸುಮ್ಮನೆ ಬಾಯಿಮಾತಿಗೆ ಅಂದದ್ದಲ್ಲ.

“ಅವರು ಹೋದ್ರು. ಆಣಿ ಎಲ್ಲಿ ಹೋತು?” ಎಂದಳು.

ನಾನು ಬೈದೆ. ಬಹಳ ಬೈದೆ… ಆಕೆ ನನಗೆ ಚಹಾ ಕಾಸಿ ಕೊಟ್ಟಳು. ಎರಡು ಮಳೆಗಾಲ ಕಳೆಯುವುದರೊಳಗೆ ಆಕೆಯೂ ಹೋದಳು. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ, ಬಾಣಂತಿಯಾಗಿದ್ದೆ.

ಆಕೆ ನೇಯ್ದದ್ದು ಒಂದು ತುಂಡೂ ನನ್ನ ಹತ್ತಿರ ಇಲ್ಲ. ಹೋದ ವರ್ಷ ಇಲ್ಲಿ ಒಂದು ಮದುವೆಗೆ ಮೂಡಲಗಿಯ ಮುದುಕನೊಬ್ಬ ಬಂದಿದ್ದ, ನಮ್ಮ ಓಣಿಯವನೇ. ಊಟವಾದ ಮೇಲೆ ಹಳೆಯ ಕಂಬಳಿಗಳ ಮಾತು ಬಂತು. ನಿಮ್ಮ ಪಕ್ಕದ ಮನೆಯ ಕಾಕಾನಂಥ ಕೈ ಮತ್ತೆ ಹುಟ್ಟಲಿಲ್ಲ ಎಂದ. ಅದು ಕಾಕಾನ ಕೈ ಅಲ್ಲ, ಕಾಕುವಿನದು, ನಾನು ಕಣ್ಣಾರೆ ನೋಡಿದವಳು ಎಂದೆ. ಕೂತವರೆಲ್ಲ ನನ್ನ ಕಡೆ ನೋಡಿದರು. ಮುದುಕ ಎಲೆಗೆ ಸುಣ್ಣ ಹಚ್ಚುತ್ತ, ಸಣ್ಣ ಹುಡುಗಿಗೆ ತಿಳಿಸಿ ಹೇಳುವ ಹಾಗೆ ಹೇಳಿದ.

“ಏ, ಹಂಗನಬ್ಯಾಡವಾ. ಆಕಿ ಭಂಡಾರ ಮುಟ್ಟಿ ಹೇಳ್ಯಾಳ.”

ಉಳಿದವರು ತಲೆಯಾಡಿಸಿದರು. ನಾನು ಎದ್ದು ಮನೆಗೆ ಬಂದೆ.